ದೂರದ ಸಾಕ್ಷಿ

ಮಾರ್ಚ್ 4, ಸೋಮವಾರ

ಡಾಕ್ಟರೇಟ್ ಪ್ರಬಂಧಕ್ಕೆ ಮೊಳೆ ಹೊಡೆಯುವ ದಿನ ಇಂದು ನಿಗದಿಯಾಯಿತು: ಏಪ್ರಿಲ್ ಇಪ್ಪತ್ತಾರು, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ. ಇಲ್ಲಿನ ವಿಶ್ವವಿದ್ಯಾಲಯಗಳ ಹಳೆಯ ಪದ್ಧತಿಯಂತೆ, ಅಚ್ಚಾದ ಪ್ರತಿಯ ಮೂಲೆಯಲ್ಲಿ ತೂತು ಕೊರೆದು, ವಿಭಾಗದ ಪಡಸಾಲೆಯ ಮರದ ಹಲಗೆಗೆ ಅದನ್ನು ನಾನೇ ಸುತ್ತಿಗೆಯಿಂದ ಹೊಡೆದು ತೂಗುಹಾಕಬೇಕು. ಆಮೇಲೆ ಮೂರು ವಾರ ಅದು ಅಲ್ಲಿರುತ್ತದೆ. ಯಾರು ಬೇಕಾದರೂ ಬಂದು ಓದಬಹುದು, ತಪ್ಪು ಹುಡುಕಬಹುದು. ನಾನು ಮಾತ್ರ ಒಂದು ಸಾಲನ್ನೂ ತಿದ್ದುವಂತಿಲ್ಲ. ಮೇ ಹದಿನೇಳರಂದು ಸಾರ್ವಜನಿಕ ಸಮರ್ಥನೆ. ಬೆರ್ಗೆನ್‌ನಿಂದ ಬರುವ ಎದುರಾಳಿ ಪರೀಕ್ಷಕಿ ಸಭೆಯ ಮುಂದೆ ಎರಡು ಗಂಟೆ ಪ್ರಶ್ನೆ ಕೇಳುತ್ತಾರೆ. ಕೇಳಲಿ.

ಜೂನ್ ಮುಗಿಯುವುದರೊಳಗೆ ಪದವಿ ಕೈಗೆ ಬಂದರೆ ಸೆಪ್ಟೆಂಬರಿನಿಂದ ಸ್ಕಾಟ್ಲೆಂಡಿನ ಸಂಶೋಧನಾ ಹುದ್ದೆ ನನ್ನದು. ಅರ್ಜಿ ಹಾಕಿದವರು ಇನ್ನೂರ ಹನ್ನೊಂದು ಮಂದಿ. ಶಾಲೆಯ ಮೊದಲ ತರಗತಿಯಿಂದ ಇಂದಿನವರೆಗೆ ಎರಡನೆಯ ಸ್ಥಾನ ಹೇಗಿರುತ್ತದೆಂದು ನನಗೆ ತಿಳಿಯದು. ಇದನ್ನು ಹೆಮ್ಮೆಯಿಂದಲ್ಲ, ಮಾಹಿತಿಯಾಗಿ ಬರೆಯುತ್ತಿದ್ದೇನೆ.

ಸಭೆಯ ನಂತರ ನನ್ನ ಮಾರ್ಗದರ್ಶಕ ಟೋರ್ಕೆಲ್ ಪಡಸಾಲೆಯಲ್ಲಿ ನಿಂತು, "ಟೀರಾ, ಇಪ್ಪತ್ತಾರು ವರ್ಷದಲ್ಲಿ ನಾನು ಬರೆಸಿದ ಪ್ರಬಂಧಗಳಲ್ಲಿ ಕೈ ಹಾಕಿ ತಿದ್ದಬೇಕು ಅನಿಸದೆ ಇರೋದು ಇದೊಂದೇ" ಎಂದರು. ಅವರಿಂದ ಇಂಥ ಮಾತು ಬರುವುದು ಅಪರೂಪ. ನಾನು ತಲೆಯಾಡಿಸಿದೆ. ಅದು ನಿಜವಾದ್ದರಿಂದ ಬೇರೆ ಏನು ಹೇಳಬೇಕೆಂದು ತೋಚಲಿಲ್ಲ.

ನಾಲ್ಕು ಅಧ್ಯಾಯಗಳು. ಮೊದಲನೆಯದು ಎರಡು ವರ್ಷದ ಹಿಂದೆಯೇ ಪ್ರಕಟವಾಗಿದೆ. ಉಳಿದ ಮೂರೂ ಅದರ ಮೇಲೆ ನಿಂತಿವೆ. ನಮ್ಮ ಕರಾವಳಿಯ ಆಳದ ಕೆಸರಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ, ಬಿಳಿಚಿಕೊಂಡ ಒಂದು ಜೀವಿಯಿದೆ. ನಾವು ಕುರುಡುಹುಳು ಎನ್ನುತ್ತೇವೆ. ಕಣ್ಣಿಲ್ಲ, ದವಡೆಯಿಲ್ಲ, ಬಿರುಗೂದಲಿಲ್ಲ. ಅದರ ಬಳಗದ ಉಳಿದೆಲ್ಲ ಹುಳುಗಳಿಗೂ ಇವು ಮೂರೂ ಇವೆ. ಕುರುಡುಹುಳು ಇವನ್ನು ಕಳೆದುಕೊಂಡದ್ದಲ್ಲ, ಅದಕ್ಕೆ ಇವು ಎಂದೂ ಇರಲೇ ಇಲ್ಲ. ಇವು ಮೂಡುವ ಮೊದಲೇ ಬೇರೆಯಾದ, ಬಳಗದ ಅತ್ಯಂತ ಹಳೆಯ ಕವಲು ಅದು ಎಂದು ನಾನು ತೋರಿಸಿದೆ. ಪತ್ರಿಕೆಗಳು 'ಕಡಲಡಿಯ ಹಿರಿಯಕ್ಕ' ಎಂದು ಬರೆದವು. ಹೆಸರು ಅಗ್ಗದ್ದು. ವಿಷಯ ಸರಿಯಾದದ್ದು.

ಮಾರ್ಚ್ 11, ಸೋಮವಾರ

ಮುಖಪುಟಕ್ಕೆ ಜೀವಂತ ಹುಳುವಿನ ಚಿತ್ರ ಬೇಕೆಂದು ಹೆಲ್‌ಶೇರ್ ಕಡಲ ಕೇಂದ್ರಕ್ಕೆ ಬಂದಿದ್ದೇನೆ. ಬಸ್ಸಿನಲ್ಲಿ ನಾಲ್ಕು ಗಂಟೆ, ಅದರಲ್ಲಿ ಒಂದು ಗಂಟೆ ಆಲಿಕಲ್ಲು.

ಇಲ್ಲಿ ದೋಣಿ ನಡೆಸಿ, ಕೆಸರೆತ್ತಿ, ಜರಡಿ ಹಿಡಿದು ಹುಳು ಹೆಕ್ಕಿಕೊಡುವವಳು ಗುನ್ವೋರ್. ಮೂವತ್ತೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ. ಹದಿನಾರಕ್ಕೆ ಶಾಲೆ ಬಿಟ್ಟವಳು. ತುಟಿಯ ಕೆಳಗೆ ಸದಾ ತಂಬಾಕಿನ ಉಂಡೆ. ಎಲ್ಲರೂ ಎಲ್ಲರನ್ನೂ ನೀನು ಎನ್ನುವ ಈ ದೇಶದಲ್ಲಿಯೂ ಕೆಲವರ 'ನೀನು' ಅಗತ್ಯಕ್ಕಿಂತ ಹತ್ತಿರ ಬಂದು ನಿಲ್ಲುತ್ತದೆ.

"ಬಾ ಡಾಕ್ಟರಮ್ಮ," ಎಂದು ದೋಣಿ ಧಕ್ಕೆಯ ಮೇಲಿಂದಲೇ ಕೂಗಿದಳು.

"ಇನ್ನೂ ಆಗಿಲ್ಲ."

"ನಿಂಗಲ್ಲಮ್ಮ, ನಂಗೆ ಅಭ್ಯಾಸ ಆಗ್ಲಿ ಅಂತ."

ಎರಡು ತಾಸು ದೋಣಿಯಲ್ಲಿ, ಮೂರು ತಾಸು ಜರಡಿಯ ಮುಂದೆ. ನನ್ನ ಬೆರಳುಗಳು ಮರಗಟ್ಟಿದ್ದವು. ಅವಳವು ಕೆಂಪಗಾಗಿದ್ದವು, ಅಷ್ಟೇ. ಹನ್ನೆರಡು ಹುಳು ಸಿಕ್ಕವು. ಒಂದು ಒಳ್ಳೆಯ ಚಿತ್ರ ಬಂತು. ಅಲ್ಲಿಗೆ ಸಾಕಾಗಬೇಕಿತ್ತು, ಆದರೆ ಕಾಫಿಗೆ ಕುಳಿತಾಗ ಅವಳು ಮಾತು ತೆಗೆದಳು.

"ಇದಕ್ಕೆ ಕಣ್ಣು ಯಾವತ್ತೂ ಇರ್ಲೇ ಇಲ್ಲ ಅಂತ ಪೇಪರ್‌ನಲ್ಲಿ ಓದ್ದೆ. ನೀನೇ ಹೇಳಿದ್ದಾ?"

"ನಾನೇ."

"ಮರಿಗಳಿಗೆ ಇರುತ್ತಲ್ಲ?"

"ಯಾವ ಮರಿ?"

"ಇದರದ್ದೇ. ಈಸ್ಟರ್ ಹೊತ್ತಿಗೆ ಬರುತ್ವೆ. ಎರಡು ದಿನ ಎರಡು ಕೆಂಪು ಚುಕ್ಕಿ. ಆಮೇಲೆ ಹೋಗ್ಬಿಡುತ್ತೆ."

"ಬೇರೆ ಯಾವುದೋ ಹುಳುವಿನ ಮರಿ ನೋಡಿರ್ತೀಯ. ಒಂದು ಬಕೆಟ್ ಕೆಸರಲ್ಲಿ ಐವತ್ತು ಜಾತಿ ಇರುತ್ವೆ."

"ಇರಬಹುದಪ್ಪ," ಎಂದು ದಾಲ್ಚಿನ್ನಿ ಬನ್ನನ್ನು ಎರಡಾಗಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದಳು. "ಅದಿರ್ಲಿ, ಈ ವಂಶದ ಮರದ ಬೇರು ಎಲ್ಲಿದೆ ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?"

ವಿವರಿಸಿದೆ. ಬಳಗದವರ ಡಿಎನ್‌ಎಯನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದರೆ ಯಾರು ಯಾರಿಗೆ ಹತ್ತಿರ ಎಂಬುದು ತಿಳಿಯುತ್ತದೆಯೇ ಹೊರತು, ಯಾರು ಮೊದಲು ಬೇರೆಯಾದರು ಎಂಬುದು ತಿಳಿಯದು. ಅದಕ್ಕೆ ಬಳಗಕ್ಕೆ ಸೇರದ ಜೀವಿಯೊಂದನ್ನು ಸಾಕ್ಷಿಯಾಗಿ ನಿಲ್ಲಿಸಬೇಕು. ಹೊರಗಿನ ಆ ಸಾಕ್ಷಿ ಮರದ ಯಾವ ಕವಲಿಗೆ ಬಂದು ಕೂಡಿಕೊಳ್ಳುತ್ತದೋ ಅಲ್ಲೇ ಬೇರು. ನನ್ನ ಸಾಕ್ಷಿ ಕೂಡಿಕೊಂಡದ್ದು ಕುರುಡುಹುಳುವಿನ ಬುಡದಲ್ಲಿ.

"ಯಾರನ್ನ ನಿಲ್ಲಿಸಿದ್ದೆ?"

"ಚಪ್ಪಟೆಹುಳು. ಅದರ ಡಿಎನ್‌ಎ ಪೂರ್ತಿ ಸಿದ್ಧವಾಗಿ ಸಿಗ್ತಿತ್ತು."

"ಅಷ್ಟು ದೂರದೋನನ್ನ ಯಾಕೆ? ಅಜ್ಜಿ ಮೂಗು ಯಾವ ಮೊಮ್ಮಗಳಿಗೆ ಬಂದಿದೆ ಅಂತ ಪಕ್ಕದ ಮನೆಯೋರನ್ನ ಕೇಳಿದ್ರೆ ಹೇಳ್ತಾರೆ. ಭೂಮಿ ಆಚೆ ತುದಿಯಿಂದ ಬಂದೋನನ್ನ ಕೇಳಿದ್ರೆ? ಮನೇಲಿ ಯಾರು ಎಲ್ಲರಿಗಿಂತ ವಿಚಿತ್ರವಾಗಿದ್ದಾರೋ ಅವರ ಕಡೆ ಬೆರಳು ತೋರಿಸ್ತಾನೆ."

"ಇದು ಮೂಗಿನ ವಿಷಯ ಅಲ್ಲ ಗುನ್ವೋರ್. ನೂರಕ್ಕೆ ತೊಂಬತ್ತೆಂಟು ಬೆಂಬಲ ಇರೋ ಲೆಕ್ಕ."

"ತೊಂಬತ್ತೆಂಟಾ! ನಂಗೆ ಶಾಲೇಲಿ ಒಂದು ಸಲಾನೂ ಬಂದಿರ್ಲಿಲ್ಲ ಕಣೆ."

ನಕ್ಕಳು. ನಾನು ನಗಲಿಲ್ಲ.

ಮಾರ್ಚ್ 12, ಮಂಗಳವಾರ

ಹಿಂತಿರುಗಿದೆ. ಮುಖಪುಟದ ಚಿತ್ರ ಚೆನ್ನಾಗಿದೆ.

ಮಾರ್ಚ್ 20, ಬುಧವಾರ

ಪೀಠಿಕೆಯನ್ನು ಮೂರನೆಯ ಬಾರಿ ಬರೆದೆ. 'ಬೇರಿನ ನಿರ್ಧಾರ' ಎಂಬ ಭಾಗ ಮಾತ್ರ ಹದಕ್ಕೆ ಬರುತ್ತಿಲ್ಲ. ವಾಕ್ಯಗಳು ಸರಿಯಾಗಿವೆ, ಆದರೆ ಓದುವಾಗ ಯಾರೋ ಎದುರು ಕುಳಿತು ಬನ್ನು ಮುರಿಯುತ್ತಿರುವಂತೆ ಭಾಸವಾಗುತ್ತದೆ.

ಹಳೆಯ ಕಡತದಲ್ಲಿ ನನ್ನ ಮೊದಲ ವರ್ಷದ ಯೋಜನೆ ಸಿಕ್ಕಿತು. ಅಂದು ಟೋರ್ಕೆಲ್ ಅಂಚಿನಲ್ಲಿ ಪೆನ್ಸಿಲ್ಲಿನಿಂದ, 'ಹತ್ತಿರದ ಸಾಕ್ಷಿ? ಕೊಳವೆಹುಳು?' ಎಂದು ಗುರುತು ಹಾಕಿದ್ದರು. ಬಳಗದ ಹೊರಗೆ ಅದಕ್ಕೆ ಅತಿ ಹತ್ತಿರವಾದ ಕೊಳವೆಹುಳು ಸಿಗುವುದು ಹೆಲ್‌ಶೇರ್‌ನ ಹೊರಗಿನ ಆಳದ ಕಮರಿಯಲ್ಲಿ, ಅದೂ ನವೆಂಬರಿನ ಕಡಲಿನಲ್ಲಿ ಎರಡು ವಾರ ಅಲೆದರೆ. ಅದರ ಕೆಳಗೆ ನನ್ನ ಕೈಬರಹವಿದೆ: 'ಅನಗತ್ಯ.' ಒಂದೇ ಪದ, ಅಚ್ಚುಕಟ್ಟಾದ ಅಕ್ಷರ, ಕೊನೆಯಲ್ಲಿ ಪೂರ್ಣವಿರಾಮ.

ಆ ನಿರ್ಧಾರಕ್ಕೆ ಕಾರಣಗಳಿದ್ದವು. ಈಗ ನೆನಪಾಗುತ್ತಿಲ್ಲ, ಅಷ್ಟೇ.

ಮಾರ್ಚ್ 27, ಬುಧವಾರ

ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರಿನಿಂದ ಕರೆ ಬಂತು: ಹೆಲ್‌ಶೇರ್‌ನಿಂದ ಒಂದು ಪೊಟ್ಟಣ. ಒಳಗೆ ಸ್ಪಿರಿಟ್ ತುಂಬಿದ ಒಂದು ಸೀಸೆ, ಅದರಲ್ಲಿ ಮೂರು ಕೊಳವೆಹುಳುಗಳು, ಹೋದ ನವೆಂಬರಿನ ದಿನಾಂಕ. ಜೊತೆಗೆ ಚೀಟಿ: 'ಕಮರಿ ಕಡೆ ಬೇರೆ ಕೆಲಸಕ್ಕೆ ಹೋಗಿದ್ದಾಗ ಬಲೆಗೆ ಸಿಕ್ಕಿದ್ದು. ಪಕ್ಕದ ಮನೆಯೋರು. ಬೇಕಾದ್ರೆ ಕೇಳಿ ನೋಡು. ಗು.'

ಸೀಸೆಯನ್ನು ಶೀತಲ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಇಟ್ಟೆ. ಅಚ್ಚಿಗೆ ಕೊಡಲು ಹದಿನೈದು ದಿನ ಉಳಿದಿದೆ. ಇದಕ್ಕೆ ಸಮಯವಿಲ್ಲ.

ಮಾರ್ಚ್ 29, ಶುಕ್ರವಾರ

ಸಮಯವಿಲ್ಲ.

ಏಪ್ರಿಲ್ 1, ಸೋಮವಾರ

ಒಂದು ಹುಳುವಿನ ಕಾಲುಭಾಗ ಸಾಕು. ಡಿಎನ್‌ಎ ಬೇರ್ಪಡಿಸಿ ಐದು ಜೀನುಗಳನ್ನು ಓದಿಸಲು ಕಳುಹಿಸಿದೆ. ಇದು ಅನುಮಾನವಲ್ಲ. ಬೆರ್ಗೆನ್‌ನವರು ಸಭೆಯಲ್ಲಿ, "ಹತ್ತಿರದ ಸಾಕ್ಷಿಯನ್ನು ನಿಲ್ಲಿಸಿ ನೋಡಿದ್ದೀಯಾ?" ಎಂದು ಕೇಳಿದರೆ, "ನೋಡಿದ್ದೇನೆ, ಫಲಿತಾಂಶ ಅದೇ" ಎನ್ನಲು ಬೇಕು. ಮುನ್ನೆಚ್ಚರಿಕೆ ಎಂಬುದು ಬಲಹೀನರ ಗುಣವಲ್ಲ.

ಟೋರ್ಕೆಲ್ ಅವರಿಗೆ ತಿಳಿಸಿಲ್ಲ. ತಿಳಿಸುವಂಥದ್ದೇನೂ ಇಲ್ಲ.

ಏಪ್ರಿಲ್ 8, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಓದಿನ ಫಲ ಬಂತು. ಹತ್ತೂವರೆಗೆ ಲೆಕ್ಕ ಹಚ್ಚಿದೆ. ಊಟದ ಹೊತ್ತಿಗೆ ಮರ ಮೂಡಿತು.

ಬೇರು ಬೇರೆ ಕಡೆ ಇದೆ.

ಏಪ್ರಿಲ್ 9, ಮಂಗಳವಾರ

ಮಾದರಿ ಬದಲಿಸಿದೆ. ಅದೇ. ಒಂದೊಂದು ಜೀನನ್ನು ಬಿಟ್ಟು ನೋಡಿದೆ. ಅದೇ. ಎರಡನೆಯ ಕೊಳವೆಹುಳುವನ್ನೂ ಕಳುಹಿಸಿದ್ದೇನೆ. ಅದೂ ಬೇರೇನೂ ಹೇಳಲಾರದೆಂದು ನನಗೆ ಗೊತ್ತು.

ಕ್ರಮವಾಗಿ ಬರೆದರೆ ಮನಸ್ಸು ಹಿಡಿತಕ್ಕೆ ಬರುತ್ತದೆ. ಬಳಗದೊಳಗೆ ಯಾರು ಯಾರ ಪಕ್ಕ ಎಂಬುದು ಒಂದಿಷ್ಟೂ ಬದಲಾಗಿಲ್ಲ. ಅದೇ ಕವಲುಗಳು, ಅದೇ ಜೋಡಣೆ. ದಾರದಿಂದ ಕಟ್ಟಿದ ಗೊಂಚಲನ್ನು ಇಷ್ಟು ದಿನ ಒಂದು ತುದಿಯಿಂದ ಎತ್ತಿ ಹಿಡಿದಿದ್ದೆ. ಈಗ ನಡುವಿನ ಇನ್ನೊಂದು ಗಂಟಿನಿಂದ ಎತ್ತಿದ್ದೇನೆ. ಹಾಗೆ ಎತ್ತಿದ ಕ್ಷಣಕ್ಕೆ ಕುರುಡುಹುಳು ಮೇಲಿನಿಂದ ಜಾರಿ ಒಳಗೆ ಎಲ್ಲೋ ಮೂರನೆಯ ಮಡಿಕೆಯಲ್ಲಿ, ಕಣ್ಣೂ ದವಡೆಯೂ ಇರುವ ಸೋದರಿಯರ ನಡುವೆ ಹೋಗಿ ಕುಳಿತಿದೆ. ಹಿರಿಯಕ್ಕನಲ್ಲ, ಕಿರಿಯರಲ್ಲಿ ಒಬ್ಬಳು. ಎಲ್ಲ ಇದ್ದು ಎಲ್ಲವನ್ನೂ ಬಿಟ್ಟವಳು.

ಮೊದಲು ಹಾಗೇಕೆ ಕಂಡಿತು ಎಂಬುದಕ್ಕೂ ಉತ್ತರವಿದೆ. ಅದನ್ನು ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡುತ್ತೇನೆ. ಕುರುಡುಹುಳುವಿನ ಡಿಎನ್‌ಎ ತನ್ನ ಬಳಗದವರಿಗಿಂತ ವೇಗವಾಗಿ ಬದಲಾಗಿದೆ. ಚಪ್ಪಟೆಹುಳು ಬಹಳ ದೂರದ್ದಾದ್ದರಿಂದ ಅದೂ ವಿಪರೀತ ಬದಲಾಗಿದೆ. ಎರಡಕ್ಕೂ ಇರುವ ಸಾಮ್ಯ, ಎರಡೂ ಬೇರೆಯವರಂತಿಲ್ಲ ಎಂಬುದೊಂದೇ. ಲೆಕ್ಕ ಅದನ್ನೇ ನಂಟು ಎಂದು ಓದುತ್ತದೆ, ಅದೂ ನೂರಕ್ಕೆ ತೊಂಬತ್ತೆಂಟರ ಆತ್ಮವಿಶ್ವಾಸದಿಂದ. ಈ ಬಲೆಯ ಬಗ್ಗೆ ಹೋದ ವರ್ಷ ಒಂದು ಪರೀಕ್ಷಾ ಪ್ರಶ್ನೆ ಕೊಟ್ಟಿದ್ದೆ. ಇಬ್ಬರನ್ನು ಅದರಲ್ಲಿ ಅನುತ್ತೀರ್ಣ ಮಾಡಿದ್ದೆ.

ಏಪ್ರಿಲ್ 11, ಗುರುವಾರ

ಐದು ಗಂಟೆಯೊಳಗೆ ಅಚ್ಚಿನ ಮನೆಗೆ ಕಡತ ಹೋಗಬೇಕಿತ್ತು. ಒಂದು ಗಂಟೆಗೆ ಟೋರ್ಕೆಲ್ ಅವರ ಕೋಣೆಗೆ ಹೋಗಿ ಎರಡು ಮರಗಳನ್ನೂ ಮೇಜಿನ ಮೇಲಿಟ್ಟೆ.

ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು.

"ಎಷ್ಟು ಜೀನು?"

"ಐದು."

"ಎಷ್ಟು ಸೀಸೆ?"

"ಒಂದು. ಎರಡು ಹುಳು, ಒಂದರದ್ದು ಇನ್ನೂ ಬರಬೇಕು."

"ಐದು ಜೀನು, ಒಂದು ಸೀಸೆ. ನಿನ್ನ ಹಳೇ ಮರಕ್ಕೆ ನೂರಾ ನಲವತ್ತು ಜೀನು. ಇದನ್ನ ತಪ್ಪು ಅಂತಾರಾ? ಇದನ್ನ ಮುಂದಿನ ಲೇಖನ ಅಂತಾರೆ. ಸ್ಕಾಟ್ಲೆಂಡಿಗೆ ಹೋಗು, ಅಲ್ಲಿ ಕೂತು ಸರಿಯಾಗಿ ಮಾಡು, ನೀನೇ ನಿನ್ನ ತಿದ್ದು. ಜನ ಮೆಚ್ಚುತ್ತಾರೆ."

"ನೂರಾ ನಲವತ್ತು ಜೀನು ಕೂಡಿ ಒಂದೇ ತಪ್ಪು ಸಾಕ್ಷಿನ ಕೇಳಿದ್ವು, ಟೋರ್ಕೆಲ್."

"ಸಾಕ್ಷಿ ತಪ್ಪು ಅಂತ ನಿಂಗೆ ಖಂಡಿತ ಗೊತ್ತಾ?"

ಖಂಡಿತ ಎಂಬ ಪದಕ್ಕೆ ಇಷ್ಟು ವರ್ಷ ನಾನು ಹೆದರಿದವಳಲ್ಲ.

"ಕೇಳು," ಎಂದರು, ದನಿ ತಗ್ಗಿಸಿ. "ಈಗ ನಿಲ್ಲಿಸಿದ್ರೆ ಒಂದು ಅಧ್ಯಾಯ ಹೋಗಲ್ಲ, ನಾಲ್ಕೂ ಹೋಗುತ್ತೆ. ಹುದ್ದೆ ಹೋಗುತ್ತೆ. ಪ್ರಕಟವಾದ ಲೇಖನದ ಮೇಲೆ ನನ್ನ ಹೆಸರೂ ಇದೆ, ಅದು ಬಿಡು. ನಾನು ಮುಂದಿನ ವರ್ಷ ನಿವೃತ್ತಿ. ನಿಂಗೆ ಇಪ್ಪತ್ತೆಂಟು. ಬೆರ್ಗೆನ್‌ನೋಳು ಪ್ರಬಂಧ ಓದಿ ಒಳ್ಳೇ ಕಾಗದ ಬರೆದಿದ್ದಾಳೆ. ಅವಳಿಗೇ ಕಾಣದೆ ಇರೋದನ್ನ ನೀನ್ಯಾಕೆ ಹುಡುಕ್ಕೊಂಡು ಹೋಗ್ತೀಯಾ?"

ನಾಲ್ಕು ಐವತ್ತಕ್ಕೆ ಕಡತ ಕಳುಹಿಸಿದೆ.

ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಇದನ್ನು ಎರಡು ಸಲ ಯೋಚಿಸಿಯೇ ಬರೆಯುತ್ತಿದ್ದೇನೆ.

ಏಪ್ರಿಲ್ 15, ಸೋಮವಾರ

ಎರಡನೆಯ ಹುಳುವಿನದ್ದೂ ಬಂತು. ಅದೇ.

ಊರಿನಿಂದ ಅಪ್ಪ ಕರೆ ಮಾಡಿದ್ದರು. ಇಪ್ಪತ್ತಾರಕ್ಕೆ ಬಸ್ಸಿನ ಪಾಳಿ ಬೇರೆ ಚಾಲಕನಿಗೆ ಒಪ್ಪಿಸಿ, ರೈಲು ಹಿಡಿದು ಬರುತ್ತಾರಂತೆ. "ಅಲ್ಲಿ ಸುತ್ತಿಗೆ ಕೊಡ್ತಾರಾ, ಇಲ್ಲ ನಮ್ದೇ ತರಬೇಕಾ?" ಎಂದು ಕೇಳಿದರು. ಕೊಡುತ್ತಾರೆ ಎಂದೆ. "ಆದ್ರೂ ನಂದೇ ತರ್ತೀನಿ. ಆಫೀಸ್ ಸುತ್ತಿಗೆ ಎಲ್ಲ ತಲೆ ಅಲ್ಲಾಡ್ತಾ ಇರ್ತವೆ."

ಏಪ್ರಿಲ್ 18, ಗುರುವಾರ

ಈಸ್ಟರ್ ರಜೆ ಶುರು. ಎಲ್ಲರೂ ಊರಿಗೆ ಹೋದರು. ನಾನು ಹೆಲ್‌ಶೇರ್‌ಗೆ ಹೋದೆ. ಕಾರಣ ಸರಳ: ಮರಿಗಳಿಗೆ ಕಣ್ಣಿಲ್ಲವೆಂದು ಕಣ್ಣಾರೆ ನೋಡಿದರೆ ಐದು ಜೀನುಗಳ ಮಾತಿಗೆ ತೂಕ ಕಡಿಮೆಯಾಗುತ್ತದೆ, ಟೋರ್ಕೆಲ್ ಹೇಳಿದ್ದು ಸರಿಯಾಗುತ್ತದೆ, ಮೊಳೆ ನೆಟ್ಟಗೆ ಇಳಿಯುತ್ತದೆ.

ಗುನ್ವೋರ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ನನ್ನ ಮುಖ ನೋಡಿ ಡಾಕ್ಟರಮ್ಮ ಎನ್ನಲಿಲ್ಲ.

"ಬಂದಿವೆ," ಎಂದಳು. "ನಿನ್ನೆ ಬೆಳಿಗ್ಗೆ. ಮಾರ್ಚ್‌ನಲ್ಲಿ ನೀನೇ ಜರಡಿ ಹಿಡಿದ ಹನ್ನೆರಡನ್ನ ಬೇರೆ ತೊಟ್ಟಿಲಿಟ್ಟಿದ್ದೆ. ಸೋಸಿದ ನೀರು, ಕಾಯಿಸಿದ ಮರಳು. ಬೇರೆ ಯಾರ ಮರಿನೂ ಒಳಗೆ ಬರೋ ಹಂಗಿಲ್ಲ."

ಐದು ವಾರದಿಂದ ದಿನಕ್ಕೆರಡು ಸಲ ನೀರು ಬದಲಿಸಿದ್ದಾಳೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಪ್ರತಿ ಬಾರಿಯ ಹೊತ್ತು, ನೀರಿನ ಬಿಸಿ, ಉಪ್ಪಿನ ಅಳತೆ ಬರೆದಿದ್ದಾಳೆ. ನಾನು ಆ ಹಾಳೆಯಲ್ಲಿ ಬಿಟ್ಟುಹೋದ ದಿನವೊಂದನ್ನು ಹುಡುಕಿದೆ. ಸಿಗಲಿಲ್ಲ.

ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ನೀರಿನ ಹನಿಯಲ್ಲಿ ಬುಗುರಿಯಂತೆ ತಿರುಗುವ, ಸಾಸಿವೆಗಿಂತ ಎಷ್ಟೋ ಪಾಲು ಚಿಕ್ಕದಾದ ಪಾರದರ್ಶಕ ಜೀವ. ಒಂದು ಕ್ಷಣ ನಿಂತಿತು. ಎರಡು ಕೆಂಪು ಚುಕ್ಕಿಗಳು. ದೀಪವನ್ನು ಎಡಕ್ಕೆ ಸರಿಸಿದೆ; ಮರಿ ಎಡಕ್ಕೆ ತಿರುಗಿತು. ಬಲಕ್ಕೆ ಸರಿಸಿದೆ, ಬಲಕ್ಕೆ ತಿರುಗಿತು. ಅದು ನೋಡುತ್ತಿತ್ತು.

ಎಷ್ಟು ಹೊತ್ತು ದೀಪ ಸರಿಸುತ್ತಿದ್ದೆನೋ ಗೊತ್ತಿಲ್ಲ.

"ನಾನು ಹೇಳಿದ್ದು ಸರಿಯಾಯ್ತು ಅಂತ ಖುಷಿ ಏನಿಲ್ಲ ನಂಗೆ," ಎಂದು ಹಿಂದಿನಿಂದ ಹೇಳಿದರು ಗುನ್ವೋರ್. "ಏನಾದ್ರೂ ತಿಂದಿದ್ದೀಯಾ?"

ಇಲ್ಲ ಎಂದೆ. ಹುಳಿಯಲ್ಲಿ ನೆನೆಸಿಟ್ಟ ಮೀನು, ಬೇಯಿಸಿದ ಆಲೂಗಡ್ಡೆ, ಮೊಟ್ಟೆ ತಂದಿಟ್ಟರು. ತಿನ್ನುವಾಗ ಮೊದಲ ಬಾರಿ ಪೂರ್ತಿ ಕೇಳಿದೆ: ಇದನ್ನು ಮೊದಲು ಯಾವಾಗ ನೋಡಿದ್ದು? ಹತ್ತೊಂಬತ್ತು ವರ್ಷದ ಹಿಂದೆ ಎಂದರು. ಯಾರಿಗಾದರೂ ಹೇಳಿದ್ದಿರಾ?

"ಬಂದೋರಿಗೆಲ್ಲ ಹೇಳಿದ್ದೆ. ಎಲ್ರೂ ನಿನ್ನಂಗೇ ಹೇಳಿದ್ರು, ಬೇರೆ ಹುಳದ ಮರಿ ಇರುತ್ತೆ ಅಂತ. ಒಬ್ಬ ಅಂತೂ ನನ್ನ ಬೆನ್ನು ತಟ್ಟಿ ಹೇಳಿದ."

ಏಪ್ರಿಲ್ 19, ಶುಕ್ರವಾರ

ಮರಿಗಳ ಕಣ್ಣು ಇಂದು ಬೆಳಿಗ್ಗೆ ಮಾಸತೊಡಗಿ, ಮಧ್ಯಾಹ್ನ ಮೂರೂಕಾಲಿಗೆ ಪೂರ್ತಿ ಹೋಯಿತು. ಇಬ್ಬರೂ ಸರದಿಯ ಮೇಲೆ ನೋಡಿ ಬರೆದುಕೊಂಡೆವು. ದೀಪ ಸರಿಸಿದರೆ ಮರಿ ಈಗ ತಿರುಗುವುದಿಲ್ಲ.

ಏಪ್ರಿಲ್ 23, ಮಂಗಳವಾರ

ಅಚ್ಚಿನ ಮನೆಯಿಂದ ನೂರಿಪ್ಪತ್ತು ಪ್ರತಿಗಳು ಬಂದವು. ನೀಲಿ ಮುಖಪುಟ, ಹೊಸ ಕಾಗದದ ವಾಸನೆ. ಮೊದಲ ಪ್ರತಿಯನ್ನು ತೆರೆದು ನಲವತ್ತೊಂದನೆಯ ಪುಟಕ್ಕೆ ಹೋದೆ. ಮರ ಬಹಳ ಚೆನ್ನಾಗಿ ಅಚ್ಚಾಗಿದೆ.

ಟೋರ್ಕೆಲ್ ಒಂದು ಪ್ರತಿ ತೆಗೆದುಕೊಂಡು, "ಶುಕ್ರವಾರ ಕಳೀಲಿ, ಆಮೇಲೆ ನಿದ್ದೆ ಮಾಡು" ಎಂದರು. ಅವರ ಕಣ್ಣಿನ ಕೆಳಗೂ ಕಪ್ಪಾಗಿದೆ.

ಏಪ್ರಿಲ್ 25, ಗುರುವಾರ

ತಿದ್ದುಪಡಿ ಚೀಟಿಯೊಂದನ್ನು ಒಳಗಿಡಬಹುದೇ ಎಂದು ಕಚೇರಿಯಲ್ಲಿ ವಿಚಾರಿಸಿದೆ. ಕಾಗುಣಿತಕ್ಕೆ, ಚಿತ್ರದ ಸಂಖ್ಯೆಗೆ ಇಡಬಹುದಂತೆ. "ಏನು ಬಿಟ್ಟುಹೋಗಿದೆ?" ಎಂದು ಕೇಳಿದರು. ಏನಿಲ್ಲ ಎಂದೆ.

ಒಂದು ವಾಕ್ಯ ಬರೆದು ನೋಡಿದೆ: 'ನಲವತ್ತೊಂದನೆಯ ಪುಟದ ಮರದ ಬೇರು ತಪ್ಪಾಗಿದೆ, ಆದ್ದರಿಂದ ಐವತ್ತರಿಂದ ನೂರ ಎಪ್ಪತ್ತೆಂಟರವರೆಗಿನ ಪುಟಗಳನ್ನು ಓದಬೇಕಾಗಿಲ್ಲ.' ನಗು ಬಂತು. ಬಹಳ ದಿನದ ಮೇಲೆ ನಕ್ಕದ್ದಕ್ಕೆ ಎದೆ ನೋಯಿತು.

ನಾಳೆ ಹೊಡೆದುಬಿಟ್ಟರೆ ಯಾರಿಗೂ ತಿಳಿಯದು. ಬೆರ್ಗೆನ್‌ನವರಿಗೆ ಕಂಡಿಲ್ಲ. ಟೋರ್ಕೆಲ್ ಬಾಯಿ ಬಿಡುವುದಿಲ್ಲ. ಗುನ್ವೋರ್ ಹೇಳಬಹುದು, ಹತ್ತೊಂಬತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ. ನಾನು ಕೂಡ ಅವರ ಬೆನ್ನು ತಟ್ಟಬಹುದು.

ಏಪ್ರಿಲ್ 26, ಶುಕ್ರವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಎಂಟೂವರೆಗೆ ಟೋರ್ಕೆಲ್ ಅವರ ಕೋಣೆಯಲ್ಲಿ ನಿಂತು, ಇಂದು ಮೊಳೆ ಹೊಡೆಯುವುದಿಲ್ಲ ಎಂದೆ. ಅವರು ಕಿಟಕಿಯತ್ತ ತಿರುಗಿಕೊಂಡೇ, "ಎರಡು ಗಂಟೆಗೆ ಇನ್ನೂ ಐದೂವರೆ ಗಂಟೆ ಇದೆ. ಯೋಚನೆ ಮಾಡು" ಎಂದರು. ಮರಿಗಳ ಕಣ್ಣಿನ ಚಿತ್ರಗಳನ್ನು ಮೇಜಿನ ಮೇಲೆ ಬಿಟ್ಟು ಬಂದೆ.

ಹನ್ನೊಂದಕ್ಕೆ ಅಪ್ಪ ರೈಲಿಳಿದರು. ಮದುವೆಗೆ ಹೊಲಿಸಿದ ಕೋಟು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಸುತ್ತಿಗೆ. ಅವರಿಗೆ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವರು ಹಾದಿಯಲ್ಲಿ ಕಂಡ ಬಸ್ಸುಗಳ ಬಗ್ಗೆ ಏನೋ ಹೇಳಿದರು.

ಎರಡು ಗಂಟೆಗೆ ಪಡಸಾಲೆಯಲ್ಲಿ ಐವತ್ತು ಜನ. ಹಲಗೆಯ ಪಕ್ಕದ ಮೇಜಿನ ಮೇಲೆ ಕೇಕು, ಬಾದಾಮಿ ಹಿಟ್ಟಿನ ಹಸಿರು ಹೊದಿಕೆಯ ಮೇಲೆ ನನ್ನ ಹೆಸರು. ಹಿಂದಿನ ಸಾಲಿನಲ್ಲಿ ಗುನ್ವೋರ್. ಅವರನ್ನು ನಾನು ಕರೆದಿರಲಿಲ್ಲ. ನಾಲ್ಕು ಗಂಟೆ ಬಸ್ಸಿನಲ್ಲಿ ಕುಳಿತು ಬಂದಿದ್ದರು, ತೋಳಿನ ಕೆಳಗೆ ಸ್ವಂತ ಕಾಫಿಯ ಫ್ಲಾಸ್ಕು. ಟೋರ್ಕೆಲ್ ಗೋಡೆಗೆ ಒರಗಿ ನಿಂತಿದ್ದರು. ಅಪ್ಪ ಸುತ್ತಿಗೆಯನ್ನು ನನ್ನ ಕೈಗಿತ್ತರು. ತೂತು ಕೊರೆದ ಪ್ರತಿಯನ್ನು ಯಾರೋ ಇನ್ನೊಂದು ಕೈಗೆ ಕೊಟ್ಟರು.

"ಇದನ್ನು ಇವತ್ತು ಹೊಡೆಯೋದಿಲ್ಲ," ಎಂದೆ. "ಮೊದಲ ಅಧ್ಯಾಯದ ಬೇರು ತಪ್ಪಾಗಿದೆ. ಸಾಕ್ಷಿಯನ್ನು ಆರಿಸಿದ್ದು ನಾನು."

"ಜೋರಾಗಿ ಹೇಳು," ಎಂದು ಹಿಂದಿನಿಂದ ಯಾರೋ ಕೂಗಿದರು. "ಇಲ್ಲಿ ಏನೂ ಕೇಳಿಸ್ತಿಲ್ಲ."

ಮತ್ತೊಮ್ಮೆ ಹೇಳಬೇಕಾಯಿತು. ಮೊದಲನೆಯ ಸಲ ಹೇಳಲು ಬೇಕಾದದ್ದೆಲ್ಲ ಮೊದಲನೆಯ ಸಲಕ್ಕೇ ಖರ್ಚಾಗಿತ್ತು. ಆದರೂ ಹೇಳಿದೆ, ಎಲ್ಲರಿಗೂ ಕೇಳುವಷ್ಟು: ನನ್ನ ಮರ ತಲೆಕೆಳಗಾಗಿದೆ, ಹತ್ತಿರದ ಸಾಕ್ಷಿಯನ್ನು ಅನಗತ್ಯವೆಂದು ಬಿಟ್ಟದ್ದು ನಾನು, ಪ್ರಕಟವಾದ ಲೇಖನವನ್ನೂ ಹಿಂತೆಗೆದುಕೊಳ್ಳುತ್ತೇನೆ.

ಯಾರೋ ನಕ್ಕು, ತಮಾಷೆಯಲ್ಲವೆಂದು ತಿಳಿದು ನಿಲ್ಲಿಸಿದರು. ಟೋರ್ಕೆಲ್ ಹೊರಗೆ ಹೋದರು. ಕಚೇರಿಯ ಹೆಂಗಸು ಕೈಯಲ್ಲಿ ಚಾಕು ಹಿಡಿದುಕೊಂಡೇ, "ಕೇಕ್ ಕತ್ತರಿಸಿ ಆಗಿದೆಯಲ್ಲಾ ಈಗ?" ಎಂದಳು.

"ಕೊಡಮ್ಮ ಇತ್ತ," ಎಂದು ಜನರ ನಡುವೆ ಜಾಗ ಮಾಡಿಕೊಂಡು ಗುನ್ವೋರ್ ಮುಂದೆ ಬಂದರು. "ಹುಳ ಕಿರಿಯದೋ ಹಿರಿಯದೋ, ಕೇಕೇನು ಪಾಪ ಮಾಡಿದೆ?"

ಆಮೇಲೆ ಎಲ್ಲರೂ ತಿಂದರು. ಮುಖ ತಪ್ಪಿಸಿ ತಿಂದರು, ಆದರೆ ತಿಂದರು.

ಅಪ್ಪ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಮತ್ತೆ ಬಟ್ಟೆಯಲ್ಲಿ ಸುತ್ತಿದರು.

"ಮತ್ತೆ ಯಾವಾಗ ಹಂಗಾದ್ರೆ?"

"ಮುಂದಿನ ವರ್ಷ ಆಗಬಹುದು. ಆಗದೇನೂ ಇರಬಹುದು, ಅಪ್ಪ."

"ತಿಂಗಳು ಮುಂಚೆ ಹೇಳು. ಪಾಳಿ ಬದಲಿಸೋದು ಕಷ್ಟ."

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಬಸ್ಸಿನ ಚಕ್ರ ತಿರುಗಿಸಿ ಗಟ್ಟಿಯಾದ ಕೈ. ಇಷ್ಟು ಜನರ ಮುಂದೆ ಅವರು ಹಾಗೆ ಮಾಡಿದ್ದು ನನಗೆ ಮುಜುಗರವಾಗಬೇಕಿತ್ತು.

ಮೇ 17, ಶುಕ್ರವಾರ

ಇಂದು ಸಮರ್ಥನೆಯ ದಿನವಾಗಬೇಕಿತ್ತು. ಸಭಾಂಗಣವನ್ನು ಬೇರೆ ಯಾರಿಗೋ ಕೊಟ್ಟಿದ್ದಾರೆ.

ಸ್ಕಾಟ್ಲೆಂಡಿನಿಂದ ಸೋಮವಾರ ಪತ್ರ ಬಂದಿತ್ತು. ಹುದ್ದೆಯನ್ನು ಪಟ್ಟಿಯಲ್ಲಿ ಎರಡನೆಯವರಾಗಿದ್ದವರಿಗೆ ಕೊಡಲಾಗಿದೆ. ಸಭ್ಯವಾದ ಪತ್ರ. ಎರಡು ಸಲ ಓದಿದೆ, ಮೂರನೆಯ ಸಲ ಓದಲಿಲ್ಲ.

ಲೇಖನವನ್ನು ಹಿಂತೆಗೆದುಕೊಳ್ಳುವ ಪತ್ರಕ್ಕೆ ಟೋರ್ಕೆಲ್ ನಿನ್ನೆ ಸಹಿ ಹಾಕಿದರು. ಇಪ್ಪತ್ತು ದಿನ ಹಿಡಿಯಿತು. ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ, "ಆ ಮರಿಗಳ ಚಿತ್ರ ಇನ್ನೊಂದ್ಸಲ ತೋರಿಸು" ಎಂದರು. ತೋರಿಸಿದೆ. ಬಹಳ ಹೊತ್ತು ನೋಡಿದರು.

ಪತ್ರದಲ್ಲಿ ಐದು ವಾಕ್ಯಗಳಿವೆ. ನಾಲ್ಕು ಮೊದಲ ದಿನವೇ ಮುಗಿದಿದ್ದವು. ಐದನೆಯದು, ಈ ಹುಳುವಿನ ಮರಿಗಳಿಗೆ ಕಣ್ಣಿರುವುದನ್ನು ಮೊದಲು ಕಂಡವರು ಯಾರು ಎಂಬುದು. ಸಹಿಯ ಹೊತ್ತಿಗೆ ಅಲ್ಲಿ ಹೆಸರಿನ ಜಾಗ ಮಾತ್ರ ಖಾಲಿ ಉಳಿದಿತ್ತು; ಪೂರ್ತಿ ಹೆಸರು ಬರೆಯಬೇಕು. ಬರೆಯಲು ಕುಳಿತು, ಎದ್ದು, ಹೆಲ್‌ಶೇರ್‌ಗೆ ಕರೆ ಮಾಡಿದೆ.

"ಮನೆತನದ ಹೆಸರಾ?" ಎಂದರು. ಹಿಂದೆ ದೋಣಿಯ ಯಂತ್ರದ ಸದ್ದು. "ಐದು ವರ್ಷದಿಂದ ನನ್ನ ಬನ್ನು ತಿಂತಾ ಇದ್ದೀಯಲ್ಲೇ."

"ಹೌದು."

"ಬರ್ಕೋ ಹಂಗಾದ್ರೆ. ಗಾಳಿ ಇದೆ, ನಿಧಾನವಾಗಿ ಹೇಳ್ತೀನಿ."

ನಿಧಾನವಾಗಿ ಹೇಳಿದರು. ಗುನ್ವೋರ್ ರೂಸಾಂಡರ್. ತಪ್ಪಾಗಬಾರದೆಂದು, ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಸರಿಯಾಗಿದೆ ಎಂದರು.